ಐದನೇ ಮೇಜು, ಆರನೇ ಮೇಜು

ನಳಿನಾಕ್ಷಿ ಉಸಿರು ಬಿಗಿಹಿಡಿದು ಸ್ಟೀಲಿನ ಟೇಪನ್ನು ಗಂಡನ ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಎಳೆದಳು. ಹದಿನೆಂಟು ಇಂಚು. ಸಮಾಧಾನವಾಗದೆ ಸೊಂಟದ ಹತ್ತಿರ ಇನ್ನೊಮ್ಮೆ ಹಿಡಿದಳು, ಮೊಣಕಾಲಿನ ಹತ್ತಿರ ಮತ್ತೊಮ್ಮೆ. ಎಲ್ಲಿಯೂ ಹದಿನೆಂಟು ದಾಟಲಿಲ್ಲ. ಐದಡಿ ಅಗಲದ ಮಂಚದ ಒಂದು ಅಂಚಿನಲ್ಲಿ ವಾಸು ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕಾಲಿಗೆ ಕಾಲು ಜೋಡಿಸಿ, ನೆಟ್ಟಗೆ ಮಲಗಿದ್ದ. ಉಳಿದ ಮೂರೂವರೆ ಅಡಿ ಮಂಚ ಯಾರೋ ನೆಂಟರು ಬರುವವರಿದ್ದಾರೆ ಎಂಬಂತೆ ಖಾಲಿ ಬಿದ್ದಿತ್ತು.

"ಎಂತ ಮಾಡ್ತಿದ್ದಿ?" ಕಣ್ಣು ತೆರೆಯದೆಯೇ ವಾಸು ಕೇಳಿದ.

"ಪ್ಯಾಂಟ್ ಹೊಲಿಸ್ಲಿಕ್ಕೆ ಅಳತೆ."

"ಪ್ಯಾಂಟಿಗೆ ಹೆಗಲು ಯಾಕೆ ಮಾರಾಯ್ತಿ?"

"ಮಲಗಿ ನೀವು. ಇನ್ನೂ ನಾಲ್ಕೂವರೆ ಆಗ್ಲಿಲ್ಲ."

ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಹೋಟೆಲಿನವರ ನಿದ್ದೆಯ ಹೊತ್ತು. ಊಟದ ಗಿರಾಕಿಗಳು ಹೋದ ಮೇಲೆ, ಸಂಜೆಯ ದೋಸೆಯ ಗಿರಾಕಿಗಳು ಬರುವ ಮೊದಲು ಸಿಗುವ ಬಿಡುವು. ವಾಸು ನಲವತ್ತೆರಡು ವರ್ಷ ದುಡಿದ, ಮುಂಬೈ ಪಕ್ಕದ ಠಾಣೆಯ ಹೋಟೆಲು ಕಟ್ಟಡ ಕೆಡವಲಿಕ್ಕೆಂದು ಬಾಗಿಲು ಹಾಕಿ ಇಪ್ಪತ್ತು ದಿನಗಳಾಗಿದ್ದವು. ಆದರೂ ಅವನ ಕಣ್ಣು ಮೂರಕ್ಕೆ ಮುಚ್ಚುತ್ತಿತ್ತು, ನಾಲ್ಕೂವರೆಗೆ ತೆರೆಯುತ್ತಿತ್ತು.

ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಮಗಳು ತೃಪ್ತಿ ಬಾಗಿಲಲ್ಲಿ ಇಣುಕಿದಳು. ಅವಳಿಗೆ ಕನ್ನಡವೂ ತುಳುವೂ ಚೆನ್ನಾಗಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ. "ಮಮ್ಮಿ, ಪಪ್ಪಾ ಕೋ ಪಾರ್ಸೆಲ್ ಕರ್ ರಹೀ ಹೋ ಕ್ಯಾ?"

"ಹೌದು, ಪಾರ್ಸೆಲ್ಲೇ. ಹೋಗು, ನಿನ್ನ ಕೆಲಸ ನೋಡು."

ಮಗಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವಾಗ್ಳೆ ಎಸ್ಟೇಟಿನ ಸ್ವಿಚ್‌ಬೋರ್ಡ್ ಕಂಪನಿಯೊಂದರ ಡಿಸ್ಪ್ಯಾಚ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಇದ್ದವಳು ನಳಿನಾಕ್ಷಿ. ಅವಳು ಅಳೆಯದೆ ಒಂದು ಮರದ ಪೆಟ್ಟಿಗೆಯೂ ಆ ಗೇಟು ದಾಟಿದ್ದಿಲ್ಲ. ಒಳಗಿಡುವ ಸಾಮಾನಿನ ಅಳತೆಗೆ ಆ ಕಡೆ ಎರಡು, ಈ ಕಡೆ ಎರಡು ಇಂಚು ಸೇರಿಸಬೇಕು. ಆಗ ಸಾಮಾನು ಅಲುಗುವುದೂ ಇಲ್ಲ, ಉಸಿರುಗಟ್ಟುವುದೂ ಇಲ್ಲ. ನಾಲ್ಕು ವರ್ಷದ ಹಿಂದೆ ಕಂಪನಿ ಗುಜರಾತಿಗೆ ಹೋಯಿತು, ನಳಿನಾಕ್ಷಿ ಹೋಗಲಿಲ್ಲ. ಮನೆಯಿರುವ ಕಾಮೋಠೆಯ ಅಗಲ ರಸ್ತೆಗಳಲ್ಲಿ ಕಾರು ಕಲಿತಳು. ಕಲಿತದ್ದು ವ್ಯರ್ಥವಾಗಬಾರದೆಂದು ಕಳೆದ ದೀಪಾವಳಿಗೆ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಒಂದನ್ನು ಮನೆಯ ಕೆಳಗೆ ತಂದು ನಿಲ್ಲಿಸಿದಳು. ಇಷ್ಟು ದೊಡ್ಡ ಗಾಡಿ ಯಾಕೆ, ಬಾಡಿಗೆಗೆ ಬಿಡುತ್ತೀರಾ ಎಂದು ಸೊಸೈಟಿಯವರು ಕೇಳಿದ್ದರು. ಅವಳು ನಕ್ಕಿದ್ದಳು.

ಅವಳಿಗೊಂದು ಆಸೆಯಿತ್ತು, ಅದು ಗಾಡಿಗಿಂತ ಹಳೆಯದು. ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಗಂಡಹೆಂಡತಿ ಹೋದ ಪ್ರಯಾಣವೆಲ್ಲ ಯಾರದೋ ಮನೆಗೆ. ಯಾರದೋ ಮದುವೆ, ಯಾರದೋ ಸಾವಿನ ಬೊಜ್ಜ, ಯಾರದೋ ಗೃಹಪ್ರವೇಶ. ಯಾರ ಮನೆಗೂ ಅಲ್ಲದ ಒಂದು ಪ್ರಯಾಣ ಅವಳಿಗೆ ಬೇಕಾಗಿತ್ತು. ಅಲಿಬಾಗಿನಿಂದ ಕೆಳಗೆ ಕಡಲ ಬದಿಯ ರಸ್ತೆ ಹಿಡಿದು, ಕಡಲು ಒಳನುಗ್ಗಿದ ಖಾಡಿ ಅಡ್ಡ ಬಂದಲ್ಲಿ ಗಾಡಿಯನ್ನೇ ದೋಣಿಗೆ ಹತ್ತಿಸಿ, ಮನಸ್ಸು ಬಂದಲ್ಲಿ ನಿಂತು, ಇಪ್ಪತ್ತು ದಿನ ತಿರುಗಬೇಕು. ಲಾಡ್ಜ್ ಬೇಡ. ಹೋಟೆಲಿನವನನ್ನು ಲಾಡ್ಜಿಗೆ ಕರೆದುಕೊಂಡು ಹೋದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಹಿಂದೊಮ್ಮೆ ಮಹಾಬಳೇಶ್ವರದಲ್ಲಿ ವಾಸು ಬೆಳಗ್ಗೆ ಆರಕ್ಕೆ ಎದ್ದು ಅಡುಗೆಮನೆಗೆ ನುಗ್ಗಿ, ಚಟ್ನಿಗೆ ಹುರಿಗಡಲೆ ಜಾಸ್ತಿಯಾಯಿತೆಂದು ಭಟ್ಟರೊಡನೆ ವಾದಕ್ಕಿಳಿದು, ಕೊನೆಗೆ ತಾನೇ ರುಬ್ಬಿಸಿ, ಪಕ್ಕದ ಟೇಬಲಿನವರಿಗೆ ಬಡಿಸಿ ಬಂದಿದ್ದ. ಗಾಡಿಯ ಹಿಂಭಾಗದಲ್ಲೇ ಮಲಗುವ ಹಲಗೆ ಕಟ್ಟಿಸಿದರೆ ಈ ಮನುಷ್ಯ ಇಪ್ಪತ್ತು ದಿನವಾದರೂ ಮ್ಯಾನೇಜರೂ ಆಗಿರುವುದಿಲ್ಲ, ಗಿರಾಕಿಯೂ ಆಗಿರುವುದಿಲ್ಲ.

ಆದರೆ ಹೊತ್ತು ಇರಲಿಲ್ಲ. ಹೋಟೆಲಿನ ಧಣಿ ಪುಂಡರೀಕಾಕ್ಷ ರಾಯರು ಡೊಂಬಿವಲಿಯಲ್ಲಿ ಹೊಸ ಶಾಖೆ ತೆರೆಯುವವರಿದ್ದರು, ಮುಂದಿನ ತಿಂಗಳ ಒಂದನೇ ತಾರೀಕಿಗೆ. ಗಲ್ಲಾದ ಹಿಂದೆ ವಾಸುವೇ ಬೇಕು, ಸೋಮವಾರದೊಳಗೆ ಉತ್ತರ ಬೇಕು ಎಂದಿದ್ದರು. ಒಮ್ಮೆ ಆ ಗಲ್ಲಾದ ಹಿಂದೆ ನಿಂತರೆ ಇನ್ನು ಹತ್ತು ವರ್ಷ ಆ ಮನುಷ್ಯ ಈಚೆ ಬರುವುದಿಲ್ಲ. ಸಂಜೆಯಾದರೆ ವಾಸುವಿನ ಪಾದ ಬಾತು ಚಪ್ಪಲಿಯೊಳಗೆ ಹೋಗುವುದಿಲ್ಲ. ಅದೊಂದೇ ಕಾರಣವಲ್ಲ. ನಳಿನಾಕ್ಷಿಗೆ ತನ್ನ ಗಂಡ ಬೇಕಾಗಿತ್ತು, ಅಷ್ಟೇ. ಇಷ್ಟು ವರ್ಷ ಅವನು ಅವಳಿಗೆ ಸಿಕ್ಕಿದ್ದು ಠಾಣೆಯಿಂದ ಕೊನೆಯ ಲೋಕಲ್ ಬಂದ ಮೇಲೆ.

ಪ್ರಯಾಣದ ವಿಷಯ ತೆಗೆದಾಗ ವಾಸು, "ಮಲಗುದು ಗಾಡಿಯಲ್ಲಾ? ಹಲಗೆ ಮೇಲಾ?" ಎಂದು ಕೇಳಿ, "ನೋಡುವ" ಎಂದಿದ್ದ. ಕರಾವಳಿಯ ಗಂಡಸು ನೋಡುವ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಆದರೆ ನಳಿನಾಕ್ಷಿ ಸಹ ಅದೇ ಕರಾವಳಿಯವಳು.

ಹದಿನೆಂಟಕ್ಕೆ ಆ ಕಡೆ ಎರಡು, ಈ ಕಡೆ ಎರಡು. ಇಪ್ಪತ್ತೆರಡು. ಇಬ್ಬರಿಗೆ ನಲವತ್ತನಾಲ್ಕು. ಅವಳು ಕೆಳಗಿಳಿದು ಹೋಗಿ ಗಾಡಿಯ ಹಿಂಬಾಗಿಲು ಎತ್ತಿ, ಸೀಟು ಮಡಚಿ, ಎರಡೂ ಗಾಲಿಗಳ ಉಬ್ಬಿನ ನಡುವೆ ಟೇಪು ಹಿಡಿದಳು. ಸರಿಯಾಗಿ ನಲವತ್ತನಾಲ್ಕು. ಉದ್ದ ಆರಡಿ. ಬೆನ್ನು ನೆಟ್ಟಗೆ ಮಾಡಿಕೊಂಡು, ಯಾರೂ ಇಲ್ಲದ ಪಾರ್ಕಿಂಗಿನಲ್ಲಿ ಒಬ್ಬಳೇ ನಕ್ಕಳು.

ಪ್ಲೈವುಡ್ ತರಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗಂಡನನ್ನು ಒಪ್ಪಿಸಬೇಕಾದರೆ ಬರೀ ಹಲಗೆ ಸಾಲದು ಎಂದು ಅವಳಿಗೆ ಅನಿಸಿತು. ಆಗ ನೆನಪಾದದ್ದು ಹೋಟೆಲಿನ ಹಿಂಬದಿಯ ಊಟದ ಹಾಲ್‌ನ ಐದನೇ ಮತ್ತು ಆರನೇ ನಂಬರಿನ ಮೇಜು. ಗೋಡೆಗೆ ತಾಗಿಸಿ ಇಟ್ಟ ಹಳೆಯ ಕಾಲದ ಉದ್ದ ಮೇಜುಗಳು. ಒಂದೇ ಬದಿಯಲ್ಲಿ ಸಾಲಾಗಿ ಕೂತು ತಿನ್ನುವುದಕ್ಕೆ ಮಾಡಿಸಿದ್ದು. ಆರಡಿ ಉದ್ದ, ಇಪ್ಪತ್ತೆರಡು ಇಂಚು ಅಗಲ, ಸನ್ಮೈಕದ ಕೆಳಗೆ ಅಸಲಿ ಸಾಗುವಾನಿ. ಬೇರೆ ಮೇಜುಗಳನ್ನು ಒರೆಸಲು ಜನ ಇದ್ದರು. ಐದು ಮತ್ತು ಆರನ್ನು ಮಾತ್ರ ವಾಸು ಮ್ಯಾನೇಜರ್ ಆದ ಮೇಲೂ ರಾತ್ರಿ ಹೊರಡುವ ಮುಂಚೆ ತಾನೇ ಬಟ್ಟೆ ಹಿಡಿದು ಒರೆಸುತ್ತಿದ್ದ. ಅವಳೇ ಎರಡು ಮೂರು ಸಲ ಕಣ್ಣಾರೆ ಕಂಡಿದ್ದಳು. ಅಷ್ಟು ಪ್ರೀತಿಯ ಮೇಜು ಗುಜರಿಯ ಭಂಗಾರಿನವನ ಪಾಲಾಗುವುದುಂಟೇ?

ಅವಳು ರಾಯರಿಗೇ ಫೋನ್ ಮಾಡಿ ಕೇಳಿದಳು.

"ಮೇಜು ಬೇಕಾದ್ರೆ ಎಲ್ಲಾ ತಗೊಂಡು ಹೋಗಮ್ಮ," ಎಂದರು ರಾಯರು. "ನನಗೆ ವಾಸು ಒಬ್ಬ ಸಾಕು."

"ನನಗೂ ಅವರೊಬ್ಬರೇ ಸಾಕು ರಾಯರೇ. ಮೇಜು ಅವರಿಗೆ."

ವಾಗ್ಳೆ ಎಸ್ಟೇಟಿನಲ್ಲಿ ಕಂಪನಿಗೆ ಪೆಟ್ಟಿಗೆ ಮಾಡಿಕೊಡುತ್ತಿದ್ದ ಸಂದೇಶನ ಮರಗೆಲಸದ ಗಾಳೆ, ಆ ಪುಟ್ಟ ವರ್ಕ್‌ಶಾಪು, ಇನ್ನೂ ಇತ್ತು. ಐವತ್ತು ದಾಟಿದ ಸಂದೇಶ ಸನ್ಮೈಕ ಎಬ್ಬಿಸಿ ಒಂದು ಕಡೆ ತೋಪಡಾ ಹೊಡೆದು ಮರ ಹೆರೆದವನೇ ಕಣ್ಣರಳಿಸಿದ. ನಳಿನಾಕ್ಷಿ ಅವನಿಗೆ ವೈನಿ, ಅತ್ತಿಗೆ. "ವೈನಿ, ಹೇ ತರ್ ಅಸ್ಸಲ್ ಸಾಗ್ವಾನ್ ಆಹೆ!" ಅವಳು ಕಾಗದದ ಮೇಲೆ ಎಲ್ಲ ಬರೆದು ತಂದಿದ್ದಳು. ಎರಡು ಇಂಚಿನ ರೀಪಿನ ಚೌಕಟ್ಟು, ಎತ್ತರ ಒಂದೇ ಅಡಿ, ಮೇಲೆ ಕೂತರೆ ತಲೆ ತಾಗಬಾರದು. ಕೆಳಗೆ ಒಂದು ಕಡೆ ಗ್ಯಾಸ್ ಒಲೆ ಮತ್ತು ಪಾತ್ರೆ, ಇನ್ನೊಂದು ಕಡೆ ಬಟ್ಟೆ ಚೀಲ. ಸೀಟಿನ ಬೋಲ್ಟು ಕೂರುವ ತೂತಿಗೇ ಚೌಕಟ್ಟನ್ನೂ ಬಿಗಿಯಬೇಕು, ಗಾಡಿಗೆ ಹೊಸ ತೂತು ಕೊರೆಯುವ ಹಾಗಿಲ್ಲ. ಸಂದೇಶ ಎರಡು ದಿನದಲ್ಲಿ ಮುಗಿಸಿಕೊಟ್ಟ. ಕಾಲು ಕಿತ್ತ ಎರಡು ಮೇಜುಗಳು ಉದ್ದುದ್ದಕ್ಕೆ ಒಂದರ ಪಕ್ಕ ಒಂದು ಕೂತು, ಎಲ್ಲಿಯೂ ಅಲುಗದೆ ನಿಂತವು. ಶನಿವಾರ ಸಂಜೆ ಐರೋಳಿ ದಾಟಿ ಗಾಡಿ ಓಡಿಸಿಕೊಂಡು ಬರುವಾಗ ಹಿಂದಿನಿಂದ ಒಂದೇ ಒಂದು ಕಿರ್ ಎಂಬ ಸದ್ದು ಬರಲಿಲ್ಲ. ನಳಿನಾಕ್ಷಿ ಹಾದಿಯುದ್ದಕ್ಕೂ ಹಾಡು ಗುನುಗಿದಳು.

ವಾಸುವನ್ನು ಪಾರ್ಕಿಂಗಿಗೆ ಕರೆಸಿ, ಹಿಂಬಾಗಿಲು ಎತ್ತಿದಳು. "ನೋಡಿ."

ವಾಸು ನೋಡಿದ. ಮೊದಲು ಮುಖದಲ್ಲಿ ನಗು ಇತ್ತು. ಬಗ್ಗಿ, ಹಲಗೆಯ ಅಂಚಿನಲ್ಲಿದ್ದ ಒಂದು ಸುಟ್ಟ ಕಲೆಯ ಮೇಲೆ ಬೆರಳಿಟ್ಟ. ಸನ್ಮೈಕ ಬರುವ ಮೊದಲು ಯಾರೋ ಎಂದೋ ಒಲೆಯಿಂದಿಳಿಸಿದ ಪಾತ್ರೆಯನ್ನು ಹಾಗೆಯೇ ಕುಕ್ಕಿದ ಗುರುತು. ನಗು ಹೋಯಿತು. ಆ ಬೆರಳು ಎರಡು ಹಲಗೆಗಳ ನಡುವಿನ ಸಂದಿಗೆ ಬಂದು, ಸಂದಿನ ಉದ್ದಕ್ಕೂ ನಿಧಾನವಾಗಿ ಹೋಯಿತು.

"ಇದು ಐದು," ಎಂದ. "ಇದು ಆರು."

"ಹೌದು! ಗುರ್ತ ಸಿಕ್ಕಿತಲ್ಲ? ನಾನೇ ರಾಯರ ಹತ್ರ ಕೇಳಿ..."

ವಾಸು ಹಿಂಬಾಗಿಲನ್ನು ಮೆಲ್ಲಗೆ ಕೆಳಗಿಳಿಸಿ ಒತ್ತಿ ಮುಚ್ಚಿದ. "ನೀನು ಹೋಗಿ ಬಾ ನಳಿನಿ. ತೃಪ್ತಿಯನ್ನು ಕರ್ಕೊಂಡು ಹೋಗು. ನಾನು ಡೊಂಬಿವಲಿಗೆ ಬರ್ತೇನೆ ಅಂತ ಧಣಿಗಳಿಗೆ ಹೇಳ್ತೇನೆ."

ಇಷ್ಟು ಹೇಳಿ ಅವನು ಲಿಫ್ಟಿನ ಕಡೆ ನಡೆದ. ಬೇರೆ ಹೆಂಗಸಾಗಿದ್ದರೆ ಅತ್ತುಬಿಡುತ್ತಿದ್ದಳೋ ಏನೋ. ನಳಿನಾಕ್ಷಿಗೆ ಸಿಟ್ಟು ಬಂತು. ಹಿಂಬಾಗಿಲನ್ನು ಮತ್ತೆ ಎತ್ತಿ, ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಪಾರ್ಕಿಂಗು ಮೊಳಗುವ ಹಾಗೆ ಕರೆದಳು. "ಇಲ್ಲಿ ಬನ್ನಿ. ಎಂತ ಆಯ್ತು ಅಂತ ಹೇಳದೆ ಹೋದ್ರೆ ನಾನು ಇಲ್ಲಿಂದ ಏಳುದಿಲ್ಲ. ಇವತ್ತು ಊಟವೂ ಇಲ್ಲ, ನಿಮಗೂ ಇಲ್ಲ."

ವಾಚ್‌ಮನ್ ಕುರ್ಚಿಯಿಂದ ಅರ್ಧ ಎದ್ದ. ವಾಸು ಹಿಂದಿರುಗಿ ಬಂದ. ಕೂರಲಿಲ್ಲ, ಗಾಡಿಯ ಬದಿಗೆ ಒರಗಿ ನಿಂತ.

"ನಿನಗೆ ಹೇಳಿದ್ದೆನಲ್ಲ, ಹೋಟೆಲಿನಲ್ಲಿ ಮೇಜಿನ ಮೇಲೆ ಮಲಗ್ತಿದ್ದೆವು ಅಂತ."

ಹೇಳಿದ್ದ. ಎಲ್ಲ ಹೋಟೆಲಿನವರೂ ಹೇಳುತ್ತಾರೆ, ನಗುನಗುತ್ತಲೇ ಹೇಳುತ್ತಾರೆ.

"ಎರಡು ಮೇಜು ಜೋಡಿಸಿದ್ರೆ ಮೂವರು. ದೊಡ್ಡವರಿಬ್ಬರು ಆಚೆ ಈಚೆ. ಹೊಸತಾಗಿ ಊರಿಂದ ಬಂದವ ಸಂದಿನ ಮೇಲೆ. ಅದು ಲೆಕ್ಕ, ಯಾರೂ ಜಗಳ ಮಾಡುದಿಲ್ಲ. ನಾನು ಬಂದಾಗ ಹದಿನಾಲ್ಕು. ಇದೇ ಐದು, ಆರು. ಹೊರಳಿದ್ರೆ ಆಚೆಯವ ಗುದ್ದುದು, ಈಚೆಯವ ಗುದ್ದುದು. ಮೇಜು ಸ್ವಲ್ಪ ಸರಿದ್ರೆ ಬೆನ್ನಿನ ಚರ್ಮ ಸಂದಿಗೆ ಸಿಕ್ಕುದು. ಅದಕ್ಕೆ ಅಲ್ಲಾಡದೆ ಮಲಗ್ಲಿಕ್ಕೆ ಕಲಿತೆ."

"ಮತ್ತೆ ಹೊಸಬ ಬರುವವರೆಗೆ ಅಲ್ವಾ?"

"ಎರಡು ವರ್ಷಕ್ಕೆ ಕಿಟ್ಟು ಬಂದ. ಹನ್ನೆರಡು ವರ್ಷ ಅವನಿಗೆ. ಮೊದಲ ದಿನವೇ ಸಂದಿನ ಮೇಲೆ ಮಲಗಿ ಅಮ್ಮಾ ಅಂತ ಅತ್ತ. ನೀನು ಬದಿಗೆ ಮಲಗು ಮಾರಾಯ ಅಂದೆ. ಆಮೇಲೆ ಬಂದವನಿಗೂ ಹಾಗೇ." ವಾಸು ಹಲಗೆಯ ಕಡೆ ನೋಡದೆ ಮಾತಾಡುತ್ತಿದ್ದ. "ಮದುವೆ ಆಗುವವರೆಗೆ ಸಂದಿನ ಮೇಲೆ ನಾನೇ. ಹನ್ನೊಂದು ವರ್ಷ."

"ಮತ್ತೆ ಪ್ರತಿ ರಾತ್ರಿ ಅಷ್ಟು ಪ್ರೀತಿಯಿಂದ ಒರೆಸ್ತಿದ್ದಿರಲ್ಲ?"

"ಪ್ರೀತಿ ಎಂತದು? ಸಂದಿನಲ್ಲಿ ಚಟ್ನಿ ನಿಂತ್ರೆ ಇರುವೆ ಬರ್ತದೆ. ನಾನು ಬಿಟ್ಟ ಮೇಲೂ ಅಲ್ಲಿ ಯಾರಾದ್ರೂ ಮಲಗ್ತಿದ್ದರು."

ನಳಿನಾಕ್ಷಿ ಮನಸ್ಸಿನಲ್ಲೇ ನಲವತ್ತನಾಲ್ಕನ್ನು ಮೂರರಿಂದ ಭಾಗಿಸಿದಳು. ಹದಿನಾಲ್ಕು ಇಂಚು ಮತ್ತು ಸ್ವಲ್ಪ. ತಾನು ಅಳೆದ ಹದಿನೆಂಟು ಈ ಮನುಷ್ಯನ ಬಿಡುಬೀಸು. ಮದುವೆಯಾದ ಹೊಸತರಲ್ಲಿ, ಕಲ್ಯಾಣ್ ಊರಿನ ಬಾಡಿಗೆ ಖೋಲಿಯಲ್ಲಿ, ಹೀಗೆ ಅಂಚಿಗೆ ಸರಿದು ಕಟ್ಟಿಗೆಯ ಹಾಗೆ ಮಲಗುವ ಗಂಡನನ್ನು ಕಂಡು, ಇವರಿಗೆ ನಾನು ಮನಸ್ಸಿಗೆ ಬರಲಿಲ್ಲ ಎಂದು ಅವಳು ತಿಂಗಳುಗಟ್ಟಲೆ ಗೋಡೆಯ ಕಡೆ ತಿರುಗಿ ಅತ್ತಿದ್ದಳು. ಆಮೇಲೆ, ಶಿಸ್ತಿನ ಮನುಷ್ಯ, ಇವರ ರೀತಿಯೇ ಹೀಗೆ ಎಂದು ಒಪ್ಪಿಕೊಂಡಿದ್ದಳು. ಆ ಅಳುವೆಲ್ಲ ದಂಡವಾಯಿತಲ್ಲ ಎಂದು ಈಗ ಇನ್ನೊಮ್ಮೆ ಅಳು ಬಂತು. ಅದೇ ಸಂದನ್ನು ತಾನೇ ಅಳತೆ ಕೊಟ್ಟು, ಬೋಲ್ಟು ಹಾಕಿಸಿ, ಅವನ ಬೆನ್ನಿನ ಕೆಳಗೆ ತಂದಿಟ್ಟಿದ್ದೇನೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಅವನ ಕೈ ಹಿಡಿದುಕೊಂಡಳು. ವಾಚ್‌ಮನ್ ಮರ್ಯಾದೆಯಿಂದ ಗೇಟಿನ ಕಡೆ ಮುಖ ತಿರುಗಿಸಿದ.

"ಸೋಮವಾರದವರೆಗೆ ರಾಯರಿಗೆ ಎಂತದೂ ಹೇಳ್ಬೇಡಿ," ಎಂದಳು ಕೊನೆಗೆ. "ಅಷ್ಟು ಮಾಡಿ ಸಾಕು."

ಊಟವಾದ ಮೇಲೆ ಅವಳು ಗೋಡೆಯ ಕ್ಯಾಲೆಂಡರಿನಿಂದ ಹಳೆಯ ತಿಂಗಳೊಂದನ್ನು ಹರಿದು, ಅದರ ಬೆನ್ನಿಗೆ ಎರಡು ಉದ್ದ ಚೌಕ ಬರೆದಳು. ಎಪ್ಪತ್ತೆರಡು ಉದ್ದ, ಇಪ್ಪತ್ತೆರಡು ಅಗಲ. ತಪ್ಪು ಮರದ್ದಲ್ಲ, ಇಟ್ಟ ರೀತಿಯದು. ಉದ್ದಕ್ಕೆ ಇಟ್ಟರೆ ಸಂದು ಬೆನ್ನಿನ ಕೆಳಗೆ ಬಂದೇ ಬರುತ್ತದೆ. ಅಡ್ಡಕ್ಕೆ ಇಟ್ಟರೆ? ಸಂದು ಸೊಂಟಕ್ಕೆ ಅಡ್ಡ ಬರುತ್ತದೆ, ಹೊರಳುವವನ ಬೆನ್ನನ್ನು ಕಚ್ಚುವುದಿಲ್ಲ. ಗಾಡಿಯ ಅಗಲ ನಲವತ್ತನಾಲ್ಕು. ಪ್ರತಿ ಮೇಜಿನಿಂದ ನಲವತ್ತನಾಲ್ಕರ ಒಂದೊಂದು ತುಂಡು ಕೊಯ್ದು ಅಡ್ಡಡ್ಡ ಹಾಸಿದರೆ ತಲೆಯಿಂದ ತೊಡೆಯವರೆಗೆ ನಲವತ್ತನಾಲ್ಕು ಇಂಚು ಮುಚ್ಚುತ್ತದೆ. ಮಿಕ್ಕುವುದು ಇಪ್ಪತ್ತೆಂಟರ ಎರಡು ತುಂಡು. ಅವನ್ನು ಕಾಲಿನ ಕಡೆ ಅಕ್ಕಪಕ್ಕ ಇಟ್ಟರೆ ಅಗಲ ಮತ್ತೆ ನಲವತ್ತನಾಲ್ಕು, ಉದ್ದ ಇಪ್ಪತ್ತೆಂಟು. ನಲವತ್ತನಾಲ್ಕಕ್ಕೆ ಇಪ್ಪತ್ತೆಂಟು ಕೂಡಿಸಿದರೆ...

"ಸೆವೆಂಟಿ ಟೂ," ಎಂದಳು ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ತೃಪ್ತಿ. "ಏಕ್ ಇಂಚ್ ಭೀ ವೇಸ್ಟ್ ನಹೀ, ಮಮ್ಮಿ!"

"ಗರಗಸ ತಿನ್ನುದು ಒಂದು ಗೆರೆ. ಅದು ತಿನ್ಲಿ."

ಭಾನುವಾರ ಬೆಳಗ್ಗೆ ಸಂದೇಶನಿಗೆ ಫೋನ್ ಮಾಡಿ ಗಾಳೆ ತೆರೆಸಿದಳು. ಗಾಡಿಯ ಬೀಗದ ಕೈ ಎತ್ತಿಕೊಂಡಾಗ ವಾಸು ಪೇಪರಿನಿಂದ ತಲೆಯೆತ್ತಿ ಎಲ್ಲಿಗೆ ಎಂದು ಕೇಳಿದ.

"ಮೇಜು ಕೊಯ್ಸ್ಲಿಕ್ಕೆ."

"ಕೊಯ್ಸುದಾ? ಐದನ್ನಾ?"

"ಆರನ್ನೂ."

ವಾಸು ಪೇಪರನ್ನು ನಾಲ್ಕು ಮಡಿಕೆ ಮಾಡಿ ಟೀಪಾಯಿಯ ಮೇಲಿಟ್ಟ. ಒಳಗೆ ಹೋಗಿ, ಹೋಟೆಲಿಗೆ ಹಾಕಿಕೊಂಡು ಹೋಗುತ್ತಿದ್ದ ಇಸ್ತ್ರಿಯ ಬಿಳಿ ಶರ್ಟನ್ನೇ ಹಾಕಿಕೊಂಡು ಬಂದ. "ನಾನೂ ಬರ್ತೇನೆ," ಎಂದ.

ವಾಗ್ಳೆ ಎಸ್ಟೇಟಿನಲ್ಲಿ ಭಾನುವಾರ ಗದ್ದಲ ಕಡಿಮೆ. ಸಂದೇಶ ಹಲಗೆಗಳನ್ನು ಗಾಡಿಯಿಂದ ಇಳಿಸಿ, ನಳಿನಾಕ್ಷಿಯ ಕ್ಯಾಲೆಂಡರ್ ಚಿತ್ರ ನೋಡಿ ಎರಡು ಸಲ ತಲೆದೂಗಿದ. ನಲವತ್ತನಾಲ್ಕಕ್ಕೆ ಪೆನ್ಸಿಲಿನ ಗೆರೆ ಎಳೆದು, ಮೆಷಿನ್ನಿನ ಸ್ವಿಚ್ಚಿಗೆ ಕೈ ಹಾಕಿ, ಕೊಯ್ಯಲೇ ಎಂದು ಕೇಳಿದ. "ಕಾಪೂ ಕಾ, ವೈನಿ?"

"ಒಂದು ನಿಮಿಷ," ಎಂದ ವಾಸು. ಅಂಗಿಯ ತೋಳು ಮಡಚುತ್ತ, ಗೋಡೆಗೆ ತೂಗುಹಾಕಿದ್ದ ಕೈಗರಗಸವನ್ನು ತೋರಿಸಿದ. "ಅದು ಕೊಡಿ. ಒಂದು ನಾನು ಕೊಯ್ತೇನೆ."

ಸಂದೇಶ ನಳಿನಾಕ್ಷಿಯ ಮುಖ ನೋಡಿದ. ಅವಳು ಕೊಡಿ ಎಂದು ಕಣ್ಣಲ್ಲೇ ಹೇಳಿದಳು.

ನಲವತ್ತೆರಡು ವರ್ಷ ತಟ್ಟೆಲೋಟ, ನೋಟುಚಿಲ್ಲರೆ ಹಿಡಿದ ಕೈಗೆ ಗರಗಸ ಹೇಗೆ ಒಗ್ಗೀತು? ಮೊದಲ ನಾಲ್ಕು ಎಳೆತಕ್ಕೆ ಅದು ಗೆರೆ ಬಿಟ್ಟು ಜಾರಿತು. ಸಂದೇಶ ಹೆಬ್ಬೆರಳು ಎಲ್ಲಿಡಬೇಕೆಂದು ತೋರಿಸಿಕೊಟ್ಟ. ಐದನೆಯ ಎಳೆತಕ್ಕೆ ಹಲ್ಲು ಮರಕ್ಕೆ ಕೂತಿತು. ವಾಸು ಕೊಯ್ಯತೊಡಗಿದ. ಹಲಗೆಯ ಆ ತುದಿಯನ್ನು ನಳಿನಾಕ್ಷಿ ಎರಡೂ ಕೈಯಿಂದ ಒತ್ತಿ ಹಿಡಿದಳು. ಗರಗಸದ ಒಂದೊಂದು ಎಳೆತವೂ ಅವಳ ಅಂಗೈಗೆ ತಿಳಿಯುತ್ತಿತ್ತು. ಶರ್ಟಿನ ಬೆನ್ನು ಒದ್ದೆಯಾಯಿತು. ಹಳದಿ ಹೊಟ್ಟು ಅವನ ಚಪ್ಪಲಿಯ ಮೇಲೆ ಬಿತ್ತು. ಅರ್ಧಕ್ಕೆ ಬಂದಾಗ ಸಂದೇಶ, ದ್ಯಾ ಇಕಡೆ ಎಂದು ಕೈ ನೀಡಿದ. "ನಕೋ," ಎಂದ ವಾಸು, ತಲೆಯೆತ್ತದೆ.

ಇಪ್ಪತ್ತೆರಡು ಇಂಚಿಗೆ ಕಾಲು ಗಂಟೆ ಹಿಡಿಯಿತು. ಐದನೇ ನಂಬರಿನ ಮೇಜು ಎರಡಾಯಿತು. ಕೊಯ್ದ ಅಂಚಿನ ಹೊಟ್ಟನ್ನು ವಾಸು ಉಫ್ ಎಂದು ಊದಿ, ಅಭ್ಯಾಸಬಲದಿಂದ ಹೆಗಲಿನ ಮೇಲೆ ಒರೆಸುವ ಬಟ್ಟೆ ಹುಡುಕಿ, ಇಲ್ಲದ್ದಕ್ಕೆ ಅಂಗೈಯಿಂದಲೇ ಒರೆಸಿದ.

"ಆರು?" ಎಂದು ನಳಿನಾಕ್ಷಿ ಕೇಳಿದಳು.

"ಆರು ಮೆಷಿನ್ನಿಗೆ ಇರ್ಲಿ ಮಾರಾಯ್ತಿ. ನನ್ನ ಸೊಂಟ ಹೋಯ್ತು," ಎಂದು ವಾಸು ಸ್ಟೂಲಿನ ಮೇಲೆ ಕುಸಿದು ಕೂತು, ಸಂದೇಶ ತರಿಸಿದ ಚಹಾವನ್ನು ಕುಡಿದು, ಇದಕ್ಕೆ ಶುಂಠಿ ಜಾಸ್ತಿ ಎಂದ. ನಳಿನಾಕ್ಷಿಗೆ ಅರ್ಧ ಗೆದ್ದ ಹಾಗಾಯಿತು.

ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ ಇರುವಾಗ ಗಾಡಿ ಕಾಮೋಠೆಗೆ ವಾಪಸು ಬಂತು. ಪಾರ್ಕಿಂಗಿನೊಳಗೆ ಬೇಡವೆಂದು ಅವಳು ಅದನ್ನು ಸೊಸೈಟಿಯ ಹಿಂದೆ, ಮೈದಾನದ ಬದಿಯ ಮಳೆಮರದ ನೆರಳಿನಲ್ಲಿ ನಿಲ್ಲಿಸಿದಳು. ನಾಲ್ಕೂ ಕಿಟಕಿ ಇಳಿಸಿ, ಹಿಂಬಾಗಿಲು ಎತ್ತಿ, ಹಲಗೆಯ ಮೇಲೆ ತೆಳ್ಳಗಿನ ಫೋಮ್ ಹಾಸಿಗೆ ಬಿಡಿಸಿ, ಮೇಲೊಂದು ಹತ್ತಿಯ ಹೊದಿಕೆ ಹಾಸಿದಳು. ದಿಂಬು ಎರಡು.

"ಒಂದು ನಿದ್ದೆ ಮಾಡಿ ನೋಡಿ," ಎಂದಳು. "ಬರದಿದ್ರೆ ಡೊಂಬಿವಲಿಗೆ ಹೋಗಿ. ನಾನು ಮತ್ತೆ ಬಾಯಿ ತೆಗಿಯುದಿಲ್ಲ. ಒಬ್ಬಳೇ ಹೋಗಿ ಬರ್ತೇನೆ."

ಇದು ಬಾಯಿ ಮಾತಲ್ಲವೆಂದು ವಾಸುವಿಗೂ ಗೊತ್ತಿತ್ತು. ಅವನು ಚಪ್ಪಲಿ ಬಿಟ್ಟು, ಹಿಂದಿನಿಂದ ಹತ್ತಿ, ಮೊಣಕಾಲೂರಿ ಹೊದಿಕೆಯನ್ನೂ ಹಾಸಿಗೆಯನ್ನೂ ಎತ್ತಿ ನೋಡಿದ. ಬೆನ್ನು ಬರುವ ಜಾಗದ ಮೇಲೆ ಕೈಯಾಡಿಸಿದ, ಈ ಬದಿಯಿಂದ ಆ ಬದಿಯವರೆಗೆ. ಉದ್ದದ ಸಂದು ಕೈಗೆ ಸಿಗಲಿಲ್ಲ. ಹಾಸಿಗೆಯನ್ನು ಮೊದಲಿನ ಹಾಗೆ ಸರಿಮಾಡಿ, ಅಂಚಿಗೆ ಸರಿದು, ಕೈಕಟ್ಟಿ ನೆಟ್ಟಗೆ ಮಲಗಿದ. ಅದೇ ಹದಿನೆಂಟು. ನಳಿನಾಕ್ಷಿ ಹೊರಗೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತಳು.

ಸ್ವಲ್ಪ ಹೊತ್ತಿಗೆ ಅವನು ತಲೆಯೆತ್ತಿ ಜೇಬಿನಿಂದ ಫೋನ್ ತೆಗೆದು ಅವಳ ಕೈಗೆ ಕೊಟ್ಟ. "ಧಣಿಗಳು ನಾಳೆಯವರೆಗೆ ಕಾಯುವವರಲ್ಲ. ಇವತ್ತೇ ಫೋನ್ ಬರ್ತದೆ."

"ಬಂದ್ರೆ ಎಂತ ಹೇಳ್ಲಿ?"

ವಾಸು ಗಾಡಿಯ ಮೇಲ್ಛಾವಣಿ ನೋಡುತ್ತ ಯೋಚಿಸಿದ. "ಮಲಗಿದ್ದಾರೆ ಅಂತ ಹೇಳು," ಎಂದ.

ಮೈದಾನದಲ್ಲಿ ಯಾರೋ ಕ್ರಿಕೆಟ್ ಆಡುತ್ತಿದ್ದರು. ಮೂರೂಕಾಲಿಗೆ ಗೊರಕೆ ಸಣ್ಣಗೆ ಶುರುವಾಯಿತು. ಮೂರೂವರೆಗೆ ನಳಿನಾಕ್ಷಿಗೆ ಬೆನ್ನ ಹಿಂದೆ ಏನೋ ಸರಿದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ವಾಸು ಹೊರಳಿದ್ದ. ಎದೆಯ ಮೇಲಿನ ಕೈ ಬಿಚ್ಚಿಕೊಂಡು ಅವಳ ದಿಂಬಿನ ಮೇಲೆ ಬಿದ್ದಿತ್ತು. ಒಂದು ಕಾಲು ಮಡಚಿ ನಡುವಿಗೆ ಬಂದಿತ್ತು. ನೋಡುತ್ತಿದ್ದಂತೆಯೇ ಅವನು ಇನ್ನೊಂದು ಮಗ್ಗುಲಿಗೆ ಹೊರಳಿ, ಅಂಗಾತನಾಗಿ, ಹಲಗೆಯ ನಡುಮಧ್ಯದಲ್ಲಿ ಕೈಕಾಲು ಚೆಲ್ಲಿ ಬಾಯಿ ತೆರೆದು ಮಲಗಿದ. ಮೂವತ್ತೊಂದು ವರ್ಷಗಳಲ್ಲಿ ಅವಳು ಒಂದು ದಿನವೂ ಕಾಣದ ಭಂಗಿ ಅದು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು, ನಗುವಿಗೋ ಅಳುವಿಗೋ ಅವಳಿಗೇ ತಿಳಿಯಲಿಲ್ಲ.

ಫೋನ್ ನಡುಗಿತು. ಪುಂಡರೀಕಾಕ್ಷ ರಾಯರು.

"ಏನಮ್ಮ, ವಾಸು ಎಲ್ಲಿ? ಏನು ತೀರ್ಮಾನ ಮಾಡಿದ?"

"ಅವರು ಮಲಗಿದ್ದಾರೆ ರಾಯರೇ."

"ಎಬ್ಬಿಸು ಎಬ್ಬಿಸು, ಎರಡೇ ಮಾತು."

"ಇಲ್ಲ ರಾಯರೇ," ಎಂದಳು ನಳಿನಾಕ್ಷಿ ಮೆಲ್ಲಗೆ. "ಎಬ್ಬಿಸುದಿಲ್ಲ. ಮಲಗಿದ್ದಾರೆ."

ಫೋನನ್ನು ಸ್ಟೂಲಿನ ಮೇಲೆ ಕವುಚಿ ಹಾಕಿ, ಚಪ್ಪಲಿ ಬಿಟ್ಟು, ಸದ್ದಾಗದಂತೆ ಗಾಡಿಯ ಹಿಂದೆ ಹತ್ತಿದಳು. ಪರ್ಸಿನಿಂದ ಸ್ಟೀಲಿನ ಟೇಪು ತೆಗೆದು, ಅವನ ಮೊಣಕೈಯಿಂದ ಗಾಡಿಯ ಗೋಡೆಯವರೆಗೆ ತನಗೆ ಮಿಕ್ಕಿದ್ದೆಷ್ಟು ಎಂದು ಹಿಡಿದು ನೋಡಿದಳು. ಹದಿನಾಲ್ಕು ಇಂಚು ಮತ್ತು ಸ್ವಲ್ಪ.

ಟೇಪನ್ನು ಬೆರಳಿನಿಂದ ತಡೆದು ನಿಧಾನವಾಗಿ ಒಳಗೆ ಬಿಟ್ಟಳು. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಒಂದು ಮಗ್ಗುಲಾಗಿ, ಅವನಿಗೆ ತಾಗದ ಹಾಗೆ ಆ ಜಾಗದಲ್ಲಿ ಮಲಗಿ, ಅಲುಗಾಡದೆ ಕಣ್ಣು ಮುಚ್ಚಿದಳು.